ಬಿಡುವಿನ ಖರ್ಚು ಯಾರ ಲೆಕ್ಕಕ್ಕೆ?

ಸಂಜೆಯಾದರೆ ಹೋಗುವುದಕ್ಕೆ ನಮ್ಮ ಊರಿನಲ್ಲಿ ಒಂದು ಜಾಗವೂ ಇಲ್ಲ ಎಂದು ನಾವು ಕಾಲೇಜಿನಲ್ಲಿ ದಿನವೂ ಹೇಳಿಕೊಳ್ಳುತ್ತೇವೆ. ಮನೆಯ ಹಿರಿಯರನ್ನು ಕೇಳಿದರೆ ಬೇರೆ ಮಾತು ಬರುತ್ತದೆ. ಆಟ, ನಾಟಕ, ಟಾಕೀಸು, ಬ್ಯಾಂಡು, ಜಾತ್ರೆ, ಉರುಸು, ಎಲ್ಲವೂ ಇದೇ ಕೆಜಿಎಫ್‌ನಲ್ಲಿ ಇತ್ತು ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಹಾಗಾದರೆ ನಡುವೆ ಏನಾಯಿತು? ಚಿನ್ನದ ಗಣಿ ಮುಚ್ಚಿತು ಎಂಬುದು ಎಲ್ಲರಿಗೂ ಗೊತ್ತಿರುವ ಉತ್ತರ. ಆದರೆ ಗಣಿ ಮುಚ್ಚಿದ ಮೇಲೂ ಕೆಲವು ಮನರಂಜನೆಗಳು ಉಳಿದಿವೆ, ಕೆಲವು ಹೊಸದಾಗಿ ಬೆಳೆದಿವೆ. ಯಾವುದು ಹೋಯಿತು, ಯಾವುದು ಉಳಿಯಿತು, ಏಕೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಅದರಿಂದ ನನಗೆ ಮೊದಲು ಹೊಳೆಯುವ ಪ್ರಶ್ನೆ ಒಂದೇ: ಇದರ ಖರ್ಚು ಯಾರ ಲೆಕ್ಕಕ್ಕೆ?

ಬಿಡುವಿಗೆ ನಮ್ಮ ಮನೆಯಲ್ಲಿ ಉರ್ದುವಿನಲ್ಲಿ 'ಫುರ್ಸತ್' ಎನ್ನುತ್ತೇವೆ. ಕನ್ನಡದ 'ಪುರಸೊತ್ತು' ಕೂಡ ಅದೇ ಪದ. ಎರಡು ಭಾಷೆಯಲ್ಲೂ ಈ ಪದವನ್ನು ನಾವು ಹೆಚ್ಚಾಗಿ ಬಳಸುವುದು ಅದು ಇಲ್ಲ ಎಂದು ಹೇಳುವುದಕ್ಕೆ. 'ಫುರ್ಸತ್ ನೈ', 'ಪುರಸೊತ್ತಿಲ್ಲ'. ಇದ್ದಾಗ ಯಾರೂ ಅದರ ಹೆಸರು ಎತ್ತುವುದಿಲ್ಲ.

ಮನರಂಜನೆಗೆ ಮೂರು ವಸ್ತು ಬೇಕು: ಸಮಯ, ಜಾಗ, ಹಣ. ನಮ್ಮ ಅರ್ಥಶಾಸ್ತ್ರದ ಪಾಠದಲ್ಲಿ ಪೂರಕ ಸರಕುಗಳು ಎಂದು ಓದುತ್ತೇವಲ್ಲ, ಪೆನ್ನು ಮತ್ತು ಶಾಯಿಯ ಹಾಗೆ, ಈ ಮೂರೂ ಹಾಗೆಯೇ. ಒಂದು ಇಲ್ಲದಿದ್ದರೆ ಉಳಿದ ಎರಡು ಇದ್ದೂ ಪ್ರಯೋಜನವಿಲ್ಲ. ನಾಲ್ಕನೆಯದೊಂದು ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಸೈರನ್ ಹಂಚಿದ ಸಮಯ

ಮೊದಲು ಸ್ವಲ್ಪ ಇತಿಹಾಸ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಅಧಿಕಾರಿ ಈ ಭಾಗದಲ್ಲಿ ಚಿನ್ನವಿದೆ ಎಂದು ಬರೆದಿಟ್ಟ. ಎಪ್ಪತ್ತು ವರ್ಷಗಳ ನಂತರ ಲಾವೆಲ್ ಎಂಬ ನಿವೃತ್ತ ಐರಿಷ್ ಸೈನಿಕ ಮೈಸೂರು ಸರ್ಕಾರದಿಂದ ಗಣಿ ತೆಗೆಯಲು ಅನುಮತಿ ಕೇಳಿದ. ಕೆಲಸ ನಿಜವಾಗಿ ಕೈಹಿಡಿದದ್ದು 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ. ಮೈಸೂರು ಮೈನ್, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂಬ ಗಣಿಗಳು ಒಂದರ ಪಕ್ಕ ಒಂದು ಬೆಳೆದವು. ಈಗಿನ ತಮಿಳುನಾಡು ಮತ್ತು ಆಂಧ್ರದ ಜಿಲ್ಲೆಗಳಿಂದ ಸಾವಿರಾರು ಕುಟುಂಬಗಳು ಕೆಲಸಕ್ಕೆ ಬಂದವು. ಅಂಗಡಿ, ಹೊಲಿಗೆ, ಮಾಂಸದ ವ್ಯಾಪಾರ, ಗಾಡಿ ಬಾಡಿಗೆ ಎಂದು ನಮ್ಮಂಥ ಉರ್ದು ಮಾತನಾಡುವ ಕುಟುಂಬಗಳೂ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಲ್ಲಿ ನೆಲೆಸಿದವು.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಅಷ್ಟು ಕೆಳಗೆ ಕಲ್ಲೇ ಬಿಸಿ. ಮೇಲಿನ ಬಂಡೆಯ ಒತ್ತಡಕ್ಕೆ ಕಲ್ಲು ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಅಂಥ ಕಡೆ ಎಂಟು ಗಂಟೆ ಕೆಲಸ ಮಾಡಿ ಮೇಲೆ ಬಂದವರಿಗೆ ಬಿಡುವು ಶೋಕಿ ಆಗಿರಲಿಲ್ಲ. ಮರುದಿನ ಮತ್ತೆ ಕೆಳಗೆ ಇಳಿಯುವ ಧೈರ್ಯ ಅದರಿಂದಲೇ ಬರಬೇಕಿತ್ತು.

ಗಣಿ ದಿನಕ್ಕೆ ಮೂರು ಪಾಳಿಯಲ್ಲಿ ನಡೆಯುತ್ತಿತ್ತು. ಪಾಳಿ ಬದಲಾದಾಗ ಸೈರನ್. ಹೀಗಾಗಿ ಇಡೀ ಊರಿಗೆ ಒಂದೇ 'ಸಂಜೆ' ಇರಲಿಲ್ಲ. ಒಬ್ಬರ ಬೆಳಗು ಇನ್ನೊಬ್ಬರ ರಾತ್ರಿ. ಇದಕ್ಕೆ ಇನ್ನೊಂದು ಕಾರಣವೂ ಸೇರಿತು. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೆಜಿಎಫ್‌ಗೆ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ವಿದ್ಯುತ್ತು ತಂದದ್ದು ಗಣಿಯ ಯಂತ್ರಗಳಿಗಾಗಿ, ಜನರ ಸುಖಕ್ಕಾಗಿ ಅಲ್ಲ. ಆದರೂ ದೀಪವಿರುವ ಊರಿನಲ್ಲಿ ಕತ್ತಲಾದರೂ ಮನುಷ್ಯ ಹೊರಗೆ ಇರಬಲ್ಲ. ರಾತ್ರಿ ಆಟ, ರಾತ್ರಿ ಅಂಗಡಿ, ರಾತ್ರಿ ಸಿನಿಮಾ ಎಲ್ಲಕ್ಕೂ ಅದೇ ಆಧಾರ.

ಕಂಪನಿ ಲೆಕ್ಕ

ಕೆಜಿಎಫ್‌ಗೆ 'ಮಿನಿ ಇಂಗ್ಲೆಂಡ್' ಎಂಬ ಹೆಸರಿತ್ತು ಎಂದು ನೀವೆಲ್ಲ ಕೇಳಿದ್ದೀರಿ. ಹವೆ ತಂಪು, ಹೆಂಚಿನ ಬಂಗಲೆಗಳು, ಮುಂದೆ ತೋಟ. ಇಂಗ್ಲೆಂಡಿನ ಒಂದು ಸಣ್ಣ ಪೇಟೆಯಲ್ಲಿ ದೊರೆಗಳಿಗೆ ಏನೇನು ಬೇಕಿತ್ತೋ ಅದನ್ನೆಲ್ಲ ಕಂಪನಿ ಇಲ್ಲಿಯೂ ಮಾಡಿಕೊಟ್ಟಿತು. ಕೆಜಿಎಫ್ ಕ್ಲಬ್ ಶುರುವಾದದ್ದು 1885ರಲ್ಲಿ. ಗಾಲ್ಫ್, ಟೆನ್ನಿಸ್, ಬಿಲಿಯರ್ಡ್ಸ್, ನೃತ್ಯ. ಗಣಿ ಶುರುವಾಗಿ ಐದು ವರ್ಷಕ್ಕೆ ಕ್ಲಬ್ ಬಂತು ಎಂದರೆ ಕಂಪನಿಗೆ ಅದು ಎಷ್ಟು ಮುಖ್ಯವಾಗಿತ್ತು ಎಂದು ತಿಳಿಯುತ್ತದೆ. ಹಡಗಿನಲ್ಲಿ ಅಷ್ಟು ದೂರ ಬಂದ ಎಂಜಿನಿಯರ್ ಬೇಜಾರಾಗಿ ವಾಪಸ್ ಹೋದರೆ ನಷ್ಟ ಕಂಪನಿಗೆ. ಆದ್ದರಿಂದ ಕ್ಲಬ್ಬಿನ ಖರ್ಚೂ ಅವರ ದೃಷ್ಟಿಯಲ್ಲಿ ಚಿನ್ನ ತೆಗೆಯುವ ಖರ್ಚಿನ ಒಂದು ಭಾಗವೇ.

ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಬಹಳ ಕಾಲ ಕ್ಲಬ್ ಯೂರೋಪಿಯನ್ ಅಧಿಕಾರಿಗಳದು. ಆಂಗ್ಲೋ ಇಂಡಿಯನ್ನರದು ಬೇರೆ ಲೋಕ, ಅವರ ಕ್ರಿಸ್ಮಸ್ ಮತ್ತು ಹೊಸ ವರ್ಷದ ನೃತ್ಯಗಳನ್ನು ಊರಿನ ಹಿರಿಯರು ಈಗಲೂ ನೆನೆಯುತ್ತಾರೆ. ಕೂಲಿ ಕಾರ್ಮಿಕರದು ಸಾಲು ಸಾಲು 'ಲೈನ್' ಮನೆಗಳು. ಒಂದು ಕೋಣೆ, ತಗ್ಗು ಮಾಡು. ಒಳಗೆ ಜಾಗವಿಲ್ಲದ ಮನೆಯವರು ಬಿಡುವನ್ನು ಬೀದಿಯಲ್ಲೇ ಕಳೆಯಬೇಕು. ಅದರಿಂದ ಲೈನುಗಳ ಬೀದಿಯೇ ಅವರ ಕ್ಲಬ್. ಉತ್ತರ ಆರ್ಕಾಟಿನ ಕಡೆಯಿಂದ ಬಂದವರು ತಮ್ಮ ತೆರುಕ್ಕೂತ್ತು ಬಯಲಾಟವನ್ನು ಜೊತೆಗೆ ತಂದರು. ಫುಟ್‌ಬಾಲ್, ಹಾಕಿ ಬೆಳೆದವು. ಆಟದ ಮೈದಾನಗಳನ್ನು ಸಮ ಮಾಡಿಸಿದ್ದು, ಗೋಲು ಕಂಬ ನೆಡಿಸಿದ್ದು ಬಹುಪಾಲು ಕಂಪನಿಯೇ. ಆಟವಾಡುವ ಕಾರ್ಮಿಕ ಕುಡಿಯುವುದು ಕಡಿಮೆ ಎಂಬ ಲೆಕ್ಕಾಚಾರವೂ ಇದ್ದಿರಬಹುದು. ಏಕೆಂದರೆ ಸಂಬಳದ ದಿನ ಮೈದಾನಕ್ಕಿಂತ ಹೆಚ್ಚು ಜನ ಸಾರಾಯಿ ಅಂಗಡಿಯಲ್ಲಿ ಸೇರುತ್ತಿದ್ದರು ಎಂಬ ಮಾತನ್ನು ಮುಚ್ಚಿಡುವಂತಿಲ್ಲ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಅಲ್ಲಿಯವರೆಗೆ ಗಂಡಸರ ಆ 'ಮನರಂಜನೆ'ಯ ಬೆಲೆಯನ್ನು ಅಡುಗೆಮನೆಯೇ ಕೊಟ್ಟಿತು.

ಕಂಪನಿಯ ಮೈದಾನಕ್ಕೂ ಕಂಪನಿಯ ಕ್ಲಬ್ಬಿಗೂ ಒಂದು ವಿಷಯ ಸಮಾನ. ಬಳಸುವವರು ಅದರ ಪೂರ್ತಿ ಖರ್ಚು ಕೊಡುತ್ತಿರಲಿಲ್ಲ. ಹುಲ್ಲು ಕತ್ತರಿಸುವವರ ಸಂಬಳ, ದೀಪ, ನೀರು, ರಿಪೇರಿ ಎಲ್ಲವೂ ಗಣಿಯ ಖಾತೆಯಿಂದ. ಬೇತಮಂಗಲದ ಕೆರೆಯಿಂದ ಕೊಳವೆಯಲ್ಲಿ ನೀರು ತಂದದ್ದೂ ಕಂಪನಿಯ ಕಾಲದಲ್ಲೇ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಜೇಬಿನ ಲೆಕ್ಕ

ಗಣಿಯಿಂದ ಹದಿನೈದು ಕಿಲೋಮೀಟರಿನಷ್ಟು ಆಚೆ ಬಂಗಾರಪೇಟೆ. ಅದರ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರು. ಜೋಲಾರ್‌ಪೇಟೆಯಿಂದ ಬೆಂಗಳೂರಿಗೆ 1864ರಲ್ಲಿ ರೈಲು ಬಂತು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಗಣಿಗಾಗಿ ಇನ್ನೊಂದು ದಾರಿ ಹಾಕಿದರು. ಅಂದಿನಿಂದ ಬಂಗಾರಪೇಟೆ ಜಂಕ್ಷನ್. ಅಲ್ಲಿ ಕ್ಲಬ್ ಕಟ್ಟಿಸುವ ಕಂಪನಿ ಇರಲಿಲ್ಲ. ಅದು ವ್ಯಾಪಾರದ ಊರು: ಸಂತೆ, ಅಕ್ಕಿ ಗಿರಣಿ, ಮಂಡಿ, ರೈಲಿಗೆ ಕಾಯುವ ಜನ. ಅಲ್ಲಿನ ಮನರಂಜನೆಗೆ ಜನ ತಮ್ಮ ಜೇಬಿನಿಂದಲೇ ಕೊಡಬೇಕು.

ನಮ್ಮ ನಾನಾ ರಾಬರ್ಟ್‌ಸನ್‌ಪೇಟೆಯಲ್ಲಿ ದರ್ಜಿಯಾಗಿದ್ದರು. ಅವರಿಗೆ ವರ್ಷದ ಕ್ಯಾಲೆಂಡರ್ ಗೊತ್ತಿದ್ದದ್ದು ಹೊಲಿಗೆಯಿಂದ. ಡಿಸೆಂಬರಿನಲ್ಲಿ ಕ್ರಿಸ್ಮಸ್ ಸೂಟು, ಜನವರಿಯಲ್ಲಿ ಪೊಂಗಲ್‌ಗೆ ಅಂಗಿ, ಆಮೇಲೆ ಯುಗಾದಿ, ದೀಪಾವಳಿ, ರಂಜಾನ್ ಯಾವ ತಿಂಗಳಿಗೆ ಬರುತ್ತದೋ ಆಗ ಕುರ್ತಾ. ಹಬ್ಬ ಯಾರದ್ದೇ ಇರಲಿ, ರಾತ್ರಿ ನಿದ್ದೆಗೆಡುವವರು ತಾವು ಎಂದು ನಗುತ್ತಿದ್ದರು. ಗಣಿಯ ಸಂಬಳವಾದ ವಾರ ಅಳತೆ ಕೊಡುವವರು, ಸಿನಿಮಾಕ್ಕೆ ಹೋಗುವವರು, ಬಿರಿಯಾನಿ ತಿನ್ನುವವರು ಎಲ್ಲರೂ ಒಟ್ಟಿಗೆ ಪೇಟೆಯಲ್ಲಿ. ಟಾಕೀಸಿನಲ್ಲಿ ತಮಿಳು ಚಿತ್ರಗಳೇ ಹೆಚ್ಚು. ಎಂ.ಜಿ.ಆರ್., ಶಿವಾಜಿ ಗಣೇಶನ್ ಅಭಿಮಾನಿಗಳ ನಡುವೆ ಯಾರು ದೊಡ್ಡವರು ಎಂಬ ಜಗಳ ಲೈನುಗಳಲ್ಲಿ ಮುಗಿಯುತ್ತಲೇ ಇರಲಿಲ್ಲವಂತೆ. ನಮ್ಮ ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ತಮಿಳು, ಕಚೇರಿಯಲ್ಲಿ ಕನ್ನಡ. ನಾನಾ ತಮಿಳು ಕಲಿತದ್ದು ಗಿರಾಕಿಗಳಿಂದ ಅರ್ಧ, ಟಾಕೀಸಿನಿಂದ ಅರ್ಧ.

ಜೇಬಿನ ಲೆಕ್ಕದ ಅತ್ಯುತ್ತಮ ಉದಾಹರಣೆ ಬಂಗಾರಪೇಟೆಯ ಪಾನಿಪೂರಿ. ಬೇರೆ ಕಡೆ ಪಾನಿ ಎಂದರೆ ಪುದೀನ ಹಾಕಿದ ಹಸಿರು ನೀರು. ನಮ್ಮಲ್ಲಿ ಪಾನಿ ನೋಡುವುದಕ್ಕೆ ಬಣ್ಣವಿಲ್ಲದ ತಿಳಿ ನೀರು, ಬಾಯಿಗೆ ಇಟ್ಟರೆ ಕಣ್ಣಲ್ಲಿ ನೀರು. ಹೊರಗಿನಿಂದ ಬಂದವರು ಮೊದಲ ಸಲ ಇದು ಬರೀ ನೀರು ಎಂದುಕೊಂಡು ಗುಟುಕರಿಸಿ ಕೆಮ್ಮುವುದನ್ನು ನೋಡುವುದೂ ಒಂದು ಮನರಂಜನೆ. ಈಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳು 'ಬಂಗಾರಪೇಟೆ ಚಾಟ್ಸ್' ಎಂದು ಬೋರ್ಡು ಹಾಕಿಕೊಂಡಿವೆ. ನಮ್ಮ ಜಿಲ್ಲೆಯಿಂದ ಒಂದು ಕಾಲದಲ್ಲಿ ಚಿನ್ನ ಹೋಗುತ್ತಿತ್ತು, ಈಗ ಪಾನಿಪೂರಿಯ ಹೆಸರು ಹೋಗುತ್ತಿದೆ.

ಇದು ಏಕೆ ಬೆಳೆಯಿತು? ನಾವು ಓದುವ ಸ್ಥಿರ ವೆಚ್ಚ ಮತ್ತು ಬದಲಾಗುವ ವೆಚ್ಚವನ್ನು ನೆನಪಿಸಿಕೊಳ್ಳಿ. ಕ್ಲಬ್ಬಿಗೆ ಸ್ಥಿರ ವೆಚ್ಚ ದೊಡ್ಡದು. ಯಾರೂ ಬಾರದಿದ್ದರೂ ಮಾಡಿಗೆ ಹೆಂಚು ಹೊದಿಸಬೇಕು, ಕಾವಲುಗಾರನಿಗೆ ಸಂಬಳ ಕೊಡಬೇಕು, ಗಾಲ್ಫ್ ಹುಲ್ಲಿಗೆ ನೀರು ಬಿಡಬೇಕು. ತಳ್ಳುಗಾಡಿಗೆ ಸ್ಥಿರ ವೆಚ್ಚ ಬಹಳ ಸಣ್ಣದು. ಬಟಾಣಿ, ಪೂರಿ, ಈರುಳ್ಳಿ ಎಲ್ಲವೂ ಬದಲಾಗುವ ವೆಚ್ಚ. ಗಿರಾಕಿ ಕಡಿಮೆಯಾದರೆ ನಾಳೆ ಬಟಾಣಿ ಕಡಿಮೆ ನೆನೆಸಿದರಾಯಿತು. ಜನ ಇನ್ನೊಂದು ಬೀದಿಗೆ ಹೋದರೆ ಗಾಡಿಯೂ ಅಲ್ಲಿಗೆ ಹೋಗುತ್ತದೆ. ಗಾಲ್ಫ್ ಮೈದಾನ ಎಲ್ಲಿಗೂ ಹೋಗಲಾರದು.

ಚಂದಾ ಲೆಕ್ಕ

ಮೂರನೆಯದು ಚಂದಾ. ಹಬ್ಬ, ಜಾತ್ರೆ, ಉರುಸು, ಮುಷಾಯಿರಾ, ಕವ್ವಾಲಿ, ಮಾರಮ್ಮನ ಉತ್ಸವ, ಚರ್ಚಿನ ಮೆರವಣಿಗೆ, ಗಣೇಶನ ಪೆಂಡಾಲು. ಇವುಗಳಿಗೆ ಒಬ್ಬ ಮಾಲೀಕನಿಲ್ಲ. ಬೀದಿಯವರು ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿಗೆ ಬರುತ್ತಾರೆ. ಐವತ್ತೋ ನೂರೋ ಕೊಡುತ್ತೇವೆ. ಭಕ್ತಿ ಬೇರೆ ವಿಷಯ. ಆದರೆ ಭಕ್ತಿಯ ಜೊತೆಗೆ ದೀಪ, ಸಿಹಿ, ನೆಂಟರು, ಹೊಸ ಬಟ್ಟೆ ಎಲ್ಲವೂ ಬರುತ್ತವೆ. ನಮ್ಮ ಕಡೆಯ ಕುಟುಂಬಗಳು ಚಿಂತಾಮಣಿ ತಾಲ್ಲೂಕಿನ ಮುರುಗಮಲೆಯ ದರ್ಗಾಕ್ಕೆ ಹೋಗುತ್ತವೆ. ಅಮ್ಮೀಗೆ ಅದು ಜಿಯಾರತ್. ನಮಗೆ ಮಕ್ಕಳಿಗೆ ಅದು ವರ್ಷದ ಒಂದು ಪ್ರವಾಸ. ಹಾಗೆಯೇ ಕಮ್ಮಸಂದ್ರದ ಕೋಟಿಲಿಂಗೇಶ್ವರ. 108 ಅಡಿ ಎತ್ತರದ ಲಿಂಗ ನೋಡಲು ಎಲ್ಲೆಲ್ಲಿಂದಲೋ ಬಸ್ಸು ಬರುತ್ತವೆ. ಹೊರಗಿನ ಅಂಗಡಿ ಸಾಲಿನಲ್ಲಿ ಬಳೆ, ಆಟಿಕೆ, ಕಬ್ಬಿನ ಹಾಲು. ಕೋಲಾರದ ಅಂತರಗಂಗೆ ಬೆಟ್ಟಕ್ಕೂ ಜನ ಹೀಗೆಯೇ ಹೋಗುತ್ತಾರೆ, ಪೂಜೆಗೆ ಕೆಲವರು, ಬೆಟ್ಟ ಹತ್ತುವುದಕ್ಕೆ ಕೆಲವರು.

ಚಂದಾದ ಬಲ ಏನೆಂದರೆ, ಸಾವಿರ ಜನ ಸ್ವಲ್ಪ ಸ್ವಲ್ಪ ಕೊಡುತ್ತಾರೆ. ಅವರಲ್ಲಿ ಹತ್ತು ಜನ ಊರು ಬಿಟ್ಟರೂ ಉತ್ಸವ ನಿಲ್ಲುವುದಿಲ್ಲ. ಕಂಪನಿ ಒಂದೇ ಒಂದು ದೊಡ್ಡ ಕಂಬ. ಅದು ಬಿದ್ದರೆ ಮಾಡೂ ಬೀಳುತ್ತದೆ.

ಕಂಬ ಬಿದ್ದ ವರ್ಷ

ಸ್ವಾತಂತ್ರ್ಯದ ನಂತರ 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಅಂದರೆ ಬಿಜಿಎಂಎಲ್ ಆಯಿತು. ಮಾಲೀಕರು ಬದಲಾದರೂ ಪದ್ಧತಿ ಹಾಗೆಯೇ: ಮನೆ, ನೀರು, ಆಸ್ಪತ್ರೆ, ಶಾಲೆ, ಮೈದಾನ ಎಲ್ಲವೂ ಗಣಿಯದ್ದೇ. ಆದರೆ ಚಿನ್ನ ಆಳಕ್ಕೆ ಹೋದಷ್ಟೂ ತೆಗೆಯುವ ಖರ್ಚು ಏರಿತು, ಸಿಗುವ ಚಿನ್ನ ಇಳಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಆ ದಿನ ಮುಚ್ಚಿದ್ದು ಕೆಲಸದ ಜಾಗ ಮಾತ್ರ ಎಂದುಕೊಳ್ಳಬಾರದು. ಈಗ ನಮ್ಮ ಮೂರು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಕಂಪನಿ ಲೆಕ್ಕದಲ್ಲಿ ಇದ್ದದ್ದೆಲ್ಲ ಅಂದಿನಿಂದ ಸವೆಯತೊಡಗಿತು. ನಾವು ಲೆಕ್ಕಶಾಸ್ತ್ರದಲ್ಲಿ ಸವಕಳಿ ಎನ್ನುತ್ತೇವಲ್ಲ, ಅದನ್ನು ಕಣ್ಣಾರೆ ನೋಡಬೇಕೆಂದರೆ ಚಾಂಪಿಯನ್ ಕಡೆ ಒಂದು ಸುತ್ತು ಹಾಕಿದರೆ ಸಾಕು. ಹೆಂಚಿಲ್ಲದ ಬಂಗಲೆ, ಬಾಗಿಲಿಲ್ಲದ ಕಚೇರಿ, ಗಿಡ ಬೆಳೆದ ಆಟದ ಅಂಕಣ. ಯಾರೋ ಬಂದು ಕೆಡವಲಿಲ್ಲ. ರಿಪೇರಿ ಮಾಡುವ ಸಂಬಳ ನಿಂತಿತು, ಅಷ್ಟೆ.

ಜೇಬಿನ ಲೆಕ್ಕದಲ್ಲಿ ಇದ್ದವುಗಳ ಪೈಕಿ ದೊಡ್ಡವು ಸೊರಗಿದವು. ಸಂಬಳದ ವಾರವೇ ಇಲ್ಲವಾದ ಮೇಲೆ ಟಾಕೀಸು ತುಂಬುವುದು ಹೇಗೆ? ಟಿವಿ ಮತ್ತು ಮೊಬೈಲು ಕೂಡ ಆ ಹೊತ್ತಿಗೆ ಬಂದವು. ಕೆಲವು ಟಾಕೀಸುಗಳು ಮುಚ್ಚಿದವು. ತಳ್ಳುಗಾಡಿ, ಚಹದಂಗಡಿ, ಬಿರಿಯಾನಿ ಹೋಟೆಲು ಉಳಿದವು. ಚಂದಾ ಲೆಕ್ಕದ ಉತ್ಸವಗಳು ಬಹುಮಟ್ಟಿಗೆ ಹಾಗೆಯೇ ಉಳಿದವು. ಬೇರೆ ಊರಿಗೆ ಕೆಲಸಕ್ಕೆ ಹೋದವರೂ ಆ ದಿನಕ್ಕೆ ಮಾತ್ರ ಊರಿಗೆ ಬರುತ್ತಾರೆ, ಚಂದಾ ಕಳುಹಿಸುತ್ತಾರೆ. ಅಂದರೆ ಯಾವ ಮನರಂಜನೆ ಎಷ್ಟು ದಿನ ಬಾಳುತ್ತದೆ ಎಂಬುದು ಅದು ಎಷ್ಟು ಚೆನ್ನಾಗಿದೆ ಎಂಬುದರ ಮೇಲೆ ನಿಂತಿಲ್ಲ, ಅದರ ಖರ್ಚನ್ನು ಎಷ್ಟು ಜನ ಹಂಚಿಕೊಂಡಿದ್ದಾರೆ ಎಂಬುದರ ಮೇಲೆ ನಿಂತಿದೆ.

ರೈಲಿನಲ್ಲಿ ಕಳೆದುಹೋಗುವ ಸಂಜೆ

ಗಣಿ ಮುಚ್ಚಿದ ಮೇಲೆ ಸಮಯದ ಲೆಕ್ಕವೂ ಬದಲಾಯಿತು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಕಾರ್ಖಾನೆ ಇಲ್ಲಿದೆ, ಆದರೆ ಇಡೀ ಊರಿಗೆ ಅಲ್ಲಿ ಕೆಲಸವಿಲ್ಲ. ಆದ್ದರಿಂದ ಸಾವಿರಾರು ಜನ ಪ್ರತಿದಿನ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಬಂಗಾರಪೇಟೆ ನಿಲ್ದಾಣಗಳಿಂದ ಬೆಂಗಳೂರಿಗೆ ಹೋಗಿ ಬರುತ್ತಾರೆ. ನಮ್ಮ ಅಬ್ಬಾ ಕೂಡ ಅವರಲ್ಲಿ ಒಬ್ಬರು. ಫಜರ್ ನಮಾಜ್ ಮುಗಿಸಿ ಹೊರಟರೆ ಇಶಾ ಆದ ಮೇಲೆ ಮನೆಗೆ ಬರುತ್ತಾರೆ. ಹೋಗುವುದಕ್ಕೆ ಎರಡು ಗಂಟೆಗೂ ಹೆಚ್ಚು, ಬರುವುದಕ್ಕೆ ಅಷ್ಟೇ. ಸಂಬಳ ಬೆಂಗಳೂರಿನಲ್ಲಿ, ನಿದ್ದೆ ಕೆಜಿಎಫ್‌ನಲ್ಲಿ, ಬಿಡುವು ರೈಲಿನಲ್ಲಿ.

ಹಾಗಾಗಿ ಈಗ ನಮ್ಮ ಊರಿನ ಅತಿ ದೊಡ್ಡ ಕ್ಲಬ್ ಎಂದರೆ ಪ್ಯಾಸೆಂಜರ್ ರೈಲು. ಒಂದೊಂದು ಬೋಗಿಗೆ ಒಂದೊಂದು ಗುಂಪು. ಒಂದು ಕಡೆ ಭಜನೆ, ಒಂದು ಕಡೆ ಮಡಿಲ ಮೇಲೆ ಬ್ಯಾಗ್ ಇಟ್ಟು ಇಸ್ಪೀಟು, ಒಂದು ಕಡೆ ಮೊಬೈಲಿನಲ್ಲಿ ಕ್ರಿಕೆಟ್. ಹುಟ್ಟುಹಬ್ಬಕ್ಕೆ ಕೇಕು ಕೂಡ ರೈಲಿನಲ್ಲೇ ಕತ್ತರಿಸುತ್ತಾರೆ. ಗೆಳೆಯರ ಮಗಳ ಮದುವೆ, ಯಾರಿಗೋ ಆಪರೇಷನ್, ಕೈಗಡ, ಎಲ್ಲವೂ ಅಲ್ಲೇ ಮಾತಾಗುತ್ತವೆ. ಅಬ್ಬಾ ಅವರಿಗೆ ಬೀದಿಯವರಿಗಿಂತ ಬೋಗಿಯವರು ಹೆಚ್ಚು ಹತ್ತಿರ. ಆದರೆ ಆ ನಾಲ್ಕು ಗಂಟೆ ಮನೆಯಿಂದ ಕಳೆದ ಗಂಟೆಗಳು. ಅವಕಾಶ ವೆಚ್ಚ ಎಂದರೆ ಇದೇ. ಸಂಜೆ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುವ ದೊಡ್ಡವರೇ ಊರಿನಲ್ಲಿ ಇಲ್ಲ.

ನಾವೇ ಇನ್ನೊಬ್ಬರ ಮನರಂಜನೆ

2018ರ ಡಿಸೆಂಬರಿನಲ್ಲಿ 'ಕೆ.ಜಿ.ಎಫ್.' ಚಿತ್ರ ಬಂದ ಮೇಲೆ ನಮ್ಮ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. 2022ರ ಏಪ್ರಿಲಿನಲ್ಲಿ ಎರಡನೆಯ ಭಾಗ. ಪ್ರಶಾಂತ್ ನೀಲ್ ನಿರ್ದೇಶನ, ಯಶ್ ನಾಯಕ. ಚಿತ್ರದ ನರಾಚಿ ಎಂಬ ಜಾಗವೂ ಅಲ್ಲಿನ ಕಥೆಯೂ ಕಲ್ಪನೆ. ಆದರೆ ಮೊದಲ ಭಾಗದ ಚಿತ್ರೀಕರಣಕ್ಕೆ ನಮ್ಮ ಸೈನೈಡ್ ದಿಬ್ಬಗಳ ಮೇಲೆ ಸೆಟ್ ಹಾಕಿದ್ದು ನಿಜ. ಈಗ ಕಾರು, ಬೈಕಿನಲ್ಲಿ ಬಂದವರು ದಿಬ್ಬ ಎಲ್ಲಿದೆ ಎಂದು ಕೇಳುತ್ತಾರೆ, ಫೋಟೋ ತೆಗೆದು ಹೊರಡುತ್ತಾರೆ.

ದಿಬ್ಬ ಎಂದರೆ ಏನು ಎಂದು ಅವರಿಗೆ ಹೇಳಬೇಕು. ಅದಿರನ್ನು ಪುಡಿ ಮಾಡಿ ಸೈನೈಡ್ ದ್ರಾವಣದಿಂದ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಮಣ್ಣಿನ ರಾಶಿ ಅದು. ನೂರು ವರ್ಷಕ್ಕೂ ಹೆಚ್ಚಿನ ರಾಶಿ. ಗಾಳಿಯ ಕಾಲದಲ್ಲಿ ಆ ಧೂಳು ಹತ್ತಿರದ ಮನೆಗಳೊಳಗೆ ಬಂದು ಕೂರುತ್ತದೆ. ಪ್ರವಾಸಿಗೆ ಅದು ಹತ್ತು ನಿಮಿಷದ ಹಿನ್ನೆಲೆ, ಅಲ್ಲಿನವರಿಗೆ ದಿನವೂ ಗುಡಿಸಬೇಕಾದ ಧೂಳು. ಊರು ಪ್ರಸಿದ್ಧವಾದರೂ ಊರಿನ ಮಕ್ಕಳಿಗೆ ಒಂದು ಉದ್ಯಾನ ಹೆಚ್ಚಾಗಲಿಲ್ಲ. ಪ್ರವಾಸಿ ತನ್ನ ಹಣವನ್ನು ಖರ್ಚು ಮಾಡುವ ಜಾಗವೇ ಇಲ್ಲಿ ಇಲ್ಲದಿದ್ದರೆ ಹೆಸರು ಬಂದರೂ ಆದಾಯ ಬರುವುದಿಲ್ಲ.

ನಾಲ್ಕನೆಯ ವಸ್ತು

ಈಗ ಆರಂಭದಲ್ಲಿ ಬಾಕಿ ಇಟ್ಟ ಮಾತು. ಸಮಯ, ಜಾಗ, ಹಣದ ಜೊತೆ ಬೇಕಾದ ನಾಲ್ಕನೆಯ ವಸ್ತು ಅನುಮತಿ. ಅದು ಹುಡುಗರಿಗೆ ಕೇಳದೆಯೇ ಸಿಗುವುದರಿಂದ ಅವರಿಗೆ ಅದು ಇದೆ ಎಂದೇ ಗೊತ್ತಾಗುವುದಿಲ್ಲ.

ನನ್ನ ಅಣ್ಣ ಭಾನುವಾರ ಬೆಳಿಗ್ಗೆ ಬ್ಯಾಟು ಹಿಡಿದು ಹೊರಟರೆ ಜೊಹರ್ ಹೊತ್ತಿಗೆ ಬರುತ್ತಾನೆ. ಹಳೆಯ ಕಂಪನಿ ಮೈದಾನದಲ್ಲಿ ಅವನ ತಂಡ. ಹುಲ್ಲಿಲ್ಲ, ಕಲ್ಲುಗಳಿವೆ, ಆದರೂ ಅದು ಅವನಿಗೆ ಮೈದಾನ. ನನ್ನ ಒಂದು ವಾರದ ಬಿಡುವನ್ನು ನಾನು ಬರೆದಿಟ್ಟು ನೋಡಿದೆ. ಮಾಡಿಯ ಮೇಲೆ ಬಟ್ಟೆ ಒಣಗಿಸುವಾಗ ಪಕ್ಕದ ಮನೆಯವಳ ಜೊತೆ ಮಾತು. ಕಾಲೇಜಿನಿಂದ ಬರುವಾಗ ಗೆಳತಿಯರ ಜೊತೆ ಒಂದು ಪ್ಲೇಟು ಪಾನಿಪೂರಿ, ಅದೂ ನಿಂತುಕೊಂಡೇ, ಪರಿಚಯದವರು ನೋಡುವ ಮೊದಲು ಮುಗಿಸಿ. ರಾತ್ರಿ ಮೊಬೈಲು. ಒಂದು ಮದುವೆ. ಇದರಲ್ಲಿ ಕೂತುಕೊಳ್ಳುವ ಜಾಗ ಒಂದೂ ಇಲ್ಲ. ಓಡುವ ಜಾಗವಂತೂ ಇಲ್ಲವೇ ಇಲ್ಲ. ನನ್ನ ತರಗತಿಯ ಹುಡುಗಿಯರು ತಮ್ಮ ವಾರವನ್ನು ಬರೆದರೂ ಬಹಳ ವ್ಯತ್ಯಾಸವಿರಲಾರದು.

ಇದಕ್ಕೆ ಮನೆಯವರನ್ನು ಮಾತ್ರ ದೂರುವುದು ಸುಲಭ, ಆದರೆ ಸರಿಯಲ್ಲ. ಅಮ್ಮೀ ನನ್ನನ್ನು ಮದುವೆಗೆ, ಮುರುಗಮಲೆಗೆ, ನೆಂಟರ ಮನೆಗೆ ಸಂತೋಷದಿಂದ ಕಳುಹಿಸುತ್ತಾರೆ. ಏಕೆಂದರೆ ಅಲ್ಲಿ ದೀಪವಿದೆ, ಹೆಂಗಸರಿದ್ದಾರೆ, ಶೌಚಾಲಯವಿದೆ, ಗೊತ್ತಿರುವವರು ಇದ್ದಾರೆ. ಅಂದರೆ ಅನುಮತಿ ಗಾಳಿಯಲ್ಲಿ ಇರುವುದಲ್ಲ. ಅದು ಜಾಗ ಹೇಗಿದೆ ಎಂಬುದರಿಂದ ಹುಟ್ಟುತ್ತದೆ. ಮೂರು ಲೆಕ್ಕಗಳನ್ನೂ ಮತ್ತೆ ನೋಡಿ. ಕಂಪನಿ ಕೊಟ್ಟಾಗ ಅಧಿಕಾರಿಗಳಿಗೆ ಮತ್ತು ದುಡಿಯುವ ಗಂಡಸರಿಗೆ ಕೊಟ್ಟಿತು. ಜೇಬಿನಿಂದ ಕೊಡುವಾಗ ಜೇಬು ಯಾರದ್ದೋ ಅವರು ಹೋದರು. ಚಂದಾ ಸಮಿತಿಯಲ್ಲಿ ಹೆಂಗಸರ ಹೆಸರು ಎಲ್ಲಿದೆ? ದುಡ್ಡು ಕೊಟ್ಟವರೇ ಬಾಗಿಲು ಯಾವಾಗ ತೆರೆಯಬೇಕು, ಯಾರಿಗೆ ತೆರೆಯಬೇಕು ಎಂದು ನಿರ್ಧರಿಸುತ್ತಾರೆ. ನಮ್ಮ ಹೆಸರಿನಲ್ಲಿ ಯಾವ ಖಾತೆಯೂ ಇಲ್ಲ.

ಏನು ಮಾಡಬಹುದು?

ನಾಲ್ಕನೆಯ ಲೆಕ್ಕವೊಂದು ಇದೆ: ತೆರಿಗೆ ಲೆಕ್ಕ. ನಗರಸಭೆಯ ಉದ್ಯಾನ, ಸಾರ್ವಜನಿಕ ಗ್ರಂಥಾಲಯ, ಬೀದಿ ದೀಪ ಇದರಲ್ಲಿ ಬರುತ್ತವೆ. ಮನೆ ಕಂದಾಯ ನಮ್ಮ ಮನೆಯಿಂದಲೂ ಹೋಗುತ್ತದೆ. ಆದ್ದರಿಂದ ಒಂದು ದೀಪವಿರುವ ಉದ್ಯಾನ, ಅದರಲ್ಲಿ ಹೆಂಗಸರಿಗೆ ಸ್ವಚ್ಛ ಶೌಚಾಲಯ ಕೇಳುವುದು ದಾನ ಕೇಳಿದಂತೆ ಅಲ್ಲ. ಅಲ್ಲಿನವರೆಗೆ ಕಾಯುತ್ತ ಕೂರಬೇಕಾಗಿಲ್ಲ. ಕಡಿಮೆ ಸ್ಥಿರ ವೆಚ್ಚದ ಮಾರ್ಗಗಳೇ ಗೆಲ್ಲುತ್ತವೆ ಎಂದು ಪಾನಿಪೂರಿ ಗಾಡಿ ನಮಗೆ ಕಲಿಸಿದೆ.

ನಮ್ಮ ಕಾಲೇಜಿನಲ್ಲಿ ಈಗಾಗಲೇ ಅಂಗಳವಿದೆ, ಗೋಡೆಯಿದೆ, ಗೇಟಿದೆ, ಕಾವಲುಗಾರ ಇದ್ದಾರೆ. ತರಗತಿ ಮುಗಿದ ಮೇಲೆ ಅದು ಬೆಳಗಿನವರೆಗೆ ಖಾಲಿ. ಹೊಸದಾಗಿ ಕಟ್ಟಬೇಕಾದ್ದು ಏನೂ ಇಲ್ಲ. ವಾರದಲ್ಲಿ ಎರಡು ದಿನ, ತರಗತಿ ಮುಗಿದ ಮೇಲೆ ಒಂದು ಗಂಟೆ, ವಿದ್ಯಾರ್ಥಿನಿಯರಿಗಾಗಿ ಅಂಗಳ ತೆರೆದಿರಲಿ. ಒಬ್ಬ ಉಪನ್ಯಾಸಕಿ ಜೊತೆಗಿರಲಿ. ಎರಡು ಥ್ರೋಬಾಲ್, ಒಂದು ಬಲೆ, ಎರಡು ಕೇರಂ ಬೋರ್ಡು, ಕೂತು ಓದಬೇಕೆನ್ನುವವರಿಗೆ ಗ್ರಂಥಾಲಯದ ಬೀಗದ ಕೈ. ಚೆಂಡು ಹರಿದರೆ ಹೊಸದಕ್ಕೆ ಚಂದಾ ನಾವೇ ಎತ್ತುತ್ತೇವೆ, ರಸೀದಿ ಪುಸ್ತಕ ಇಟ್ಟು, ಜಮಾ ಖರ್ಚು ಬರೆದು, ತಿಂಗಳ ಕೊನೆಗೆ ಸೂಚನಾ ಫಲಕದಲ್ಲಿ ಹಾಕುತ್ತೇವೆ. ವಾಣಿಜ್ಯ ವಿಭಾಗದ ನಾವು ಇಷ್ಟಾದರೂ ಮಾಡದಿದ್ದರೆ ಎರಡು ವರ್ಷ ಲೆಡ್ಜರ್ ಬರೆದು ಏನು ಫಲ? ಸಮಯಕ್ಕೆ ಸರಿಯಾಗಿ ಗೇಟು ತೆರೆದು ಮುಚ್ಚುತ್ತದೆ ಎಂದು ಗೊತ್ತಾದರೆ ಮನೆಯಲ್ಲಿ ಅನುಮತಿ ಕೇಳುವುದೂ ಸುಲಭವಾಗುತ್ತದೆ.

ಈ ವಿಷಯವನ್ನು ಮಾನ್ಯ ಪ್ರಾಂಶುಪಾಲರ ಮುಂದೆ ಇಡಲು ಒಂದು ಮನವಿ ಪತ್ರವನ್ನು ಬರೆದಿದ್ದೇವೆ. ದ್ವಿತೀಯ ಪಿಯುಸಿ ವಾಣಿಜ್ಯ ತರಗತಿಯಲ್ಲಿ ಅದು ಇದೆ. ಒಪ್ಪುವವರು, ಹುಡುಗರೂ ಸೇರಿ, ಈ ವಾರದೊಳಗೆ ಬಂದು ಸಹಿ ಹಾಕಬೇಕಾಗಿ ವಿನಂತಿ. ಸಹಿ ಹಾಕುವುದಕ್ಕೆ ಚಂದಾ ಇಲ್ಲ.